ನೈಟಿ ಫುಟ್‌ಬಾಲಿನ ಸೀಟಿ

ಹೆಂಡತಿಯ ಮೇಲೆಯೇ ಪೆನಾಲ್ಟಿ ಊದಿದ ಗಂಡಸಿಗೆ ಮನೆಯಲ್ಲಿ ಖಾರದ ಸಾಂಬಲ್ ಚಟ್ನಿ ಸಿಗುತ್ತದೆಯೇ? ವಾಗಿಯೊಗಂತೂ ಸಿಗಲಿಲ್ಲ. ಸ್ವಾತಂತ್ರ್ಯೋತ್ಸವದ ಅಂಗವಾಗಿ ಕೆಲವು ವಾರ ಮೊದಲೇ ನಡೆದ ಹೆಂಗಸರ ಫುಟ್‌ಬಾಲಿನಲ್ಲಿ ಹೆಂಡತಿ ಪೊನಿಯೆಮ್ ಚೆಂಡನ್ನು ನೈಟಿಯ ಮಡಿಲಿಗೆ ಹಾಕಿಕೊಂಡು ಅರ್ಧ ಮೈದಾನ ಓಡಿದ್ದಳು. ರೆಫರಿ ವಾಗಿಯೊ ಸೀಟಿ ಊದಿದ. ಅವಳ ತಂಡ ಸೋತಿತು. ಅಂದಿನಿಂದ ಅವನ ತಟ್ಟೆಗೆ ಬೀಳುತ್ತಿದ್ದದ್ದು ಬರೀ ಅನ್ನ, ಉಪ್ಪು, ಜೊತೆಗೆ ಒಂದು ದುರುಗುಟ್ಟುವ ನೋಟ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಇತ್ತೀಚೆಗೆ ಸಂಜೆಯ ಆಟದ ನಡುವೆ ಸುಮ್ಮಸುಮ್ಮನೆ ಸೀಟಿ ಕೇಳಿಸತೊಡಗಿತ್ತು. ಚೆಂಡು ಗೋಲಿನ ಬಾಯಲ್ಲಿರುವಾಗ ‘ಪೀಽಽ!’ ಎಲ್ಲರೂ ನಿಂತುಬಿಡುತ್ತಿದ್ದರು.

“ಪಾಕ್ ವಾಗಿಯೊ, ನಿಮಗೆ ಅರಳುಮರಳು ಕಣ್ರೀ,” ಎಂದು ಬೀದಿಯ ಮುಖ್ಯಸ್ಥ ದರ್ಸೊನೊ, ಹಿರಿಯರಿಗೆ ಹೇಳುವ ‘ಪಾಕ್’ ಸೇರಿಸಿಯೇ ಹಂಗಿಸಿದ್ದ. “ಇನ್ನೊಂದ್ಸಲ ಹೀಗಾದ್ರೆ ಸೀಟಿ ನನ್ ಕೈಗೆ ಕೊಟ್ಬಿಡಿ.”

‘ನಾನೇ ಊದಿ ಮರೆಯುತ್ತಿದ್ದೇನೋ ಏನೋ’ ಎಂದು ವಾಗಿಯೊಗೂ ಒಳಗೊಳಗೇ ಅಳುಕು. ಆ ಸೀಟಿ ಬಿಟ್ಟರೆ ಅವನಿಗೆ ಊರಲ್ಲಿ ಬೇರೆ ಮರ್ಯಾದೆಯಾದರೂ ಏನಿತ್ತು, ಪಾಪ!

ಸ್ವಾತಂತ್ರ್ಯದ ಹಬ್ಬದ ದಿನ ಬಂತು. ಪ್ರತಿವರ್ಷದ ತಮಾಷೆಯ ಪಂದ್ಯಕ್ಕೆಂದು ಗಂಡಸರೆಲ್ಲ ಹೆಂಡತಿಯರ ಹೂವಿನ ನೈಟಿ ತೊಟ್ಟು ಚೆಂಡು ಒದೆಯುತ್ತ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹಪ್ಪಳ ತಿನ್ನುವ ಪಂದ್ಯ. ಕೈ ಹಿಂದಕ್ಕೆ ಕಟ್ಟಿಸಿಕೊಂಡ ವಾಗಿಯೊ, ದಾರಕ್ಕೆ ನೇತುಬಿಟ್ಟ ಹಪ್ಪಳವನ್ನು ಬಾಯಿಯಿಂದ ಹಿಡಿಯಲು ಕುಣಿಯುತ್ತಿದ್ದ. ಅಂತೂ ಕಚ್ಚಿದ. ಆಗಲೇ ‘ಪೀಽಽ!’

“ಮತ್ತೆ ಊದಿದ್ರಾ?” ದರ್ಸೊನೊ ನೈಟಿ ಎತ್ತಿ ಹಿಡಿದು ಓಡಿಬಂದ.

ವಾಗಿಯೊ ತಿರುಗಿದ. ಬಾಯಲ್ಲಿ ಹಪ್ಪಳ, ಎದೆಯ ಮೇಲೆ ಸೀಟಿ. ಮತ್ತೆ ‘ಪೀಽಽ!’ ಎಲ್ಲರೂ ತಲೆಯೆತ್ತಿದರು. ಬೂರುಗದ ಮರದ ಮೇಲೆ ಕಪ್ಪು ಮುಖದ ಒಂದು ಚೆಂದೆತ್ ಹಕ್ಕಿ, ಕೇಳಿದ್ದನ್ನೆಲ್ಲ ಅಣಕಿಸುವ ಜಾತಿ.

ಮೈದಾನದಾಚೆಯ ಜೌಗಿಗೆ ಮಣ್ಣು ತುಂಬಿ ಗುಲಾಬಿ ಬಣ್ಣದ ಮನೆಗಳ ಸಾಲು ಕಟ್ಟಿದ ಮೇಲೆ ಬಾತು, ಕೊಕ್ಕರೆ, ಇದರ ಬಳಗ, ಎಲ್ಲವೂ ಹೋಗಿದ್ದವು. ಉಳಿದದ್ದು ಇದೊಂದೇ. ಅದಕ್ಕೆ ದಿನಾ ಸಂಜೆ ಕೇಳಿಸುತ್ತಿದ್ದದ್ದು ವಾಗಿಯೊನ ಸೀಟಿ. ‘ಅಯ್ಯೋ, ನನ್ನನ್ನೇ ನೆಂಟ ಅಂದುಕೊಂಡಿದೆಯಲ್ಲ!’ ಅವನಿಗೆ ಪಾಪ ಎನಿಸಿತು, ತುಸು ಹೆಮ್ಮೆಯೂ ಆಯಿತು.

ಪೊನಿಯೆಮ್ ಮುಂದೆ ಬಂದಳು. “ಹಾಗಾದ್ರೆ ಪಾಕ್, ಅವತ್ತು ನನ್ ಮೇಲೆ ಪೆನಾಲ್ಟಿ ಊದಿದ್ದೂ ಇದೇನಾ?”

ವಾಗಿಯೊನ ಕಣ್ಣ ಮುಂದೆ ಕೆಂಪು ಸಾಂಬಲ್ ಹಾದುಹೋಯಿತು. ಹಪ್ಪಳ ಗುಳುಂ ಮಾಡಿದ. “ಮತ್ತಿನ್ಯಾರು? ಇದೇ ಮುಂಡೇದು!”

“ದರ್ಸೊನೊ, ಕೊಡಲಿ ತರಿಸ್ರಿ,” ಎಂದಳು ಪೊನಿಯೆಮ್. “ಉರುಳಿಸಿ ಆ ಮರಾನ.”

ಅಲ್ಲಿ ಕಾರು ನಿಲ್ಲಿಸಬೇಕೆಂದು ಎಂದಿನಿಂದಲೋ ಹೊಂಚು ಹಾಕುತ್ತಿದ್ದ ದರ್ಸೊನೊ ತಾನೇ ಓಡಿಹೋಗಿ ಕೊಡಲಿ ತಂದ. ನೈಟಿಯ ತೋಳು ಮಡಚಿ ಎತ್ತಿದ. ಹಕ್ಕಿ ವಾಗಿಯೊನ ಕಡೆ ನೋಡಿ ಮೆಲ್ಲಗೆ ‘ಪೀ’ ಎಂದಿತು.

“ತಡೀರೋ!” ಕೈ ಕಟ್ಟಿಸಿಕೊಂಡೇ ಅವನು ಓಡಿಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತ. “ಪೆನಾಲ್ಟಿ ಊದಿದ್ದು ನಾನೇ ಕಣೇ! ಚೆಂಡನ್ನ ಮಡಿಲಲ್ಲಿ ಹೊತ್ಕೊಂಡು ಹೋಗೋಕೆ ಅದೇನು ಸಂತೇಲಿ ಕೊಂಡ ಹಲಸಿನಕಾಯಾ? ಮಾಡ್ಕೋ ಏನ್ ಮಾಡ್ಕೋತೀಯೋ. ಜೀವಮಾನವೆಲ್ಲ ಉಪ್ಪನ್ನವೇ ಹಾಕು!”

ಪೊನಿಯೆಮ್ ದರ್ಸೊನೊನ ಕೈಯಿಂದ ಕೊಡಲಿ ಕಿತ್ತುಕೊಂಡಳು. ವಾಗಿಯೊ ಕಣ್ಣು ಮುಚ್ಚಿದ. ಅವಳು ಕೊಡಲಿಯ ಅಲಗಿನಿಂದ ಅವನ ಕೈಯ ಹಗ್ಗ ಕೊಯ್ದಳು, ಕೊರಳಿನ ಸೀಟಿಯನ್ನೂ ತೆಗೆದುಕೊಂಡಳು.

“ಊದಿದ್ದು ನೀವೇ ಅಂತ ನಂಗೊತ್ತಿತ್ತು, ಬಾಯಿ ಬಿಡಿಸೋಕೇ ಕೊಡಲಿ ತರಿಸಿದ್ದು,” ಎಂದಳು. “ಆ ಹಕ್ಕಿಗೆ ಮನೆ ಇಲ್ಲ ನಿಜ, ಆದ್ರೆ ಕಣ್ಣಿದೆ. ಅಂಥಾ ಪೆನಾಲ್ಟಿನ ಅದು ಯಾವತ್ತೂ ಕೊಡಲ್ಲ. ಇವತ್ತಿನ ಆಟಕ್ಕೆ ಅದೇ ರೆಫರಿ. ನೀವು ಮರದ ಕೆಳಗೆ ಕೂತು ಕಲೀರಿ.”