ಸುಯೊನ್ ಎಂಬ ಹೆಸರಿನಲ್ಲಿ

ಆಶಾರಾಣಿ ಕೊರಿಯನ್ ಕಲಿತದ್ದು ಹಾಸನದ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಕೊರಿಯಾದಿಂದ ಬಂದ ಮೇಲ್ವಿಚಾರಕರು ಬೈದದ್ದನ್ನು ಹೊಲಿಗೆಯ ಹೆಂಗಸರಿಗೆ ಮೆತ್ತಗೆ ಮಾಡಿ ಹೇಳುವುದು, ಹೆಂಗಸರು ಗೊಣಗಿದ್ದನ್ನು ಅವರಿಗೆ ಇನ್ನೂ ಮೆತ್ತಗೆ ಮಾಡಿ ಹೇಳುವುದು ಅವಳ ಕೆಲಸವಾಗಿತ್ತು. ಕ್ರಿಯಾಪದ ವಾಕ್ಯದ ಕೊನೆಗೆ ಬರುವ, ಅಪ್ಪನನ್ನು ಅಪ್ಪ ಎಂದೇ ಕರೆಯುವ ಆ ಭಾಷೆ ಅವಳಿಗೆ ಇಂಗ್ಲಿಷಿಗಿಂತ ಬೇಗ ಒಲಿಯಿತು. ಕಾರ್ಖಾನೆ ಮುಚ್ಚಿದ ಮೇಲೆ ಅರಕಲಗೂಡಿನ ಮನೆಗೆ ವಾಪಸು ಬಂದಳು.

ಚನ್ನರಾಯಪಟ್ಟಣದ ಅಭಿಷೇಕ್ ಅವಳ ಜೊತೆ ಡಿಗ್ರಿ ಓದಿದವನು. ಈಗ ದುಬೈನಲ್ಲಿ ಒಂದು ಕ್ರಿಪ್ಟೋ ಕಂಪನಿಯಲ್ಲಿದ್ದ. ಆ ಕಂಪನಿ ತನ್ನದೇ ಒಂದು ಕಾಯಿನ್, ಅಂದರೆ ಕಂಪ್ಯೂಟರಿನಲ್ಲೇ ಕೊಂಡು ಮಾರುವ ನಾಣ್ಯ, ಹೊರಡಿಸಿತ್ತು. ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಲೇಖನಗಳನ್ನು ಕೊರಿಯದ ಓದುಗರಿಗೆ ತಲುಪಿಸಬೇಕಾಗಿತ್ತು.

"ಜಪಾನೀಸ್‌ಗೆ ಬೇರೆ ಒಬ್ರು ಅವ್ರೆ. ಕೊರಿಯನ್ ನೀನು ಮಾಡು ಆಶಾ" ಎಂದ ಫೋನಿನಲ್ಲಿ. "ಒಂದೇ ಒಂದ್ ವಿಷ್ಯ. ನಿನ್ ಹೆಸ್ರು ಹಾಕಕ್ಕಾಗಲ್ಲ. ಅಲ್ಲಿಯೋರಿಗೆ ಅಲ್ಲಿ ಹೆಸ್ರೇ ಬೇಕು."

ಹಾಗೆ ಅವಳು ಹಾನ್ ಸುಯೊನ್ ಆದಳು. ಅನುವಾದಕಿ ಎಂದೂ ಅಲ್ಲ, ಲೇಖಕಿ ಎಂದೇ ಹಾಕಿದರು. ಇದು ಅವಳಿಗೆ ಸರಿಕಾಣಲಿಲ್ಲ. ಆದರೆ ಕೆಲಸ ಹಿಡಿಸಿತ್ತು. ಒಣಕಲು ಇಂಗ್ಲಿಷನ್ನು ಮೊದಲು ಮನಸ್ಸಿನಲ್ಲೇ ಕನ್ನಡಕ್ಕೆ ತಂದು, ಅಲ್ಲಿಂದ ಕೊರಿಯನ್‌ಗೆ ದಾಟಿಸುತ್ತಿದ್ದಳು. ಮನೆಯ ಹಿರಿಯ ಮಗಳು ಅಡುಗೆಮನೆಯಲ್ಲಿ ನಿಂತು ವಿಷಯ ತಿಳಿಸಿದ ಹಾಗಿರುತ್ತಿತ್ತು ಆ ಬರಹ. ಓದುಗರು ಬಂದರು. ಅವರ ಟಿಪ್ಪಣಿಗಳಿಗೆ ಉತ್ತರಿಸುವುದೂ ಅವಳ ಪಾಲಿಗೇ ಬಂತು.

ಪ್ರತಿ ಲೇಖನದ ಕೆಳಗೂ ಬರೆಯುತ್ತಿದ್ದವರು ಚೊಯ್ ಎಂಬ ಹಿರಿಯರು. ಮೊಕ್ಪೊ ಎಂಬ ಬಂದರು ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಅವರದು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರಿಗೆ ಕಾಯಿನ್‌ಗಿಂತ ಮಾತು ಬೇಕಿತ್ತೆಂದು ಆಶಾರಾಣಿಗೆ ಬೇಗನೆ ತಿಳಿಯಿತು. ಒಮ್ಮೆ ಅಂಗಡಿಯ ಬೋರ್ಡಿನ ಕೆಳಗೆ ದಾರದಲ್ಲಿ ಪೋಣಿಸಿ ಒಣಗಲು ಬಿಟ್ಟ ಹಣ್ಣುಗಳ ಫೋಟೊ ಹಾಕಿ, "ಚಳಿ ಬಂತು ಸುಯೊನ್, ನಿಮ್ಮ ಕಡೆ ಹೇಗಿದೆ?" ಎಂದು ಕೇಳಿದ್ದರು. ಹೊರಗೆ ಶುಂಠಿ ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. "ಇಲ್ಲೂ ಚಳಿ" ಎಂದು ಬರೆದಳು.

ಮಾಘದಲ್ಲಿ ಅವಳ ಅಪ್ಪ ರಾಮಣ್ಣ ಹೊಗೆಸೊಪ್ಪಿನ ಹರಾಜಿಗೆ ಹೊರಟವರು ಬಸ್‌ಸ್ಟ್ಯಾಂಡಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಹಾಸನದ ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತ್ತು. ತಿಥಿ ಮುಗಿಯುವವರೆಗೆ ಆಶಾರಾಣಿ ಲ್ಯಾಪ್‌ಟಾಪ್ ತೆರೆಯಲಿಲ್ಲ. ತೆರೆದಾಗ ಚೊಯ್ ಮತ್ತೆ ಮತ್ತೆ ವಿಚಾರಿಸಿದ್ದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅಪ್ಪ ಹೋದರು ಎಂದು ಬರೆದಳು.

"ಹೊತ್ತುಹೊತ್ತಿಗೆ ಊಟ ಮಾಡಿ" ಎಂದು ಉತ್ತರ ಬಂತು. "ನನ್ನವಳು ಹೋದಾಗ ನಾನು ಮಾಡಲಿಲ್ಲ. ಬಹಳ ದಿನ ನಿಂತೇ ತಿನ್ನುತ್ತಿದ್ದೆ. ಕೂತು ತಿನ್ನಿ."

ಮನೆಗೆ ಬಂದು ಹೋದ ಯಾರ ಮಾತಿಗೂ ಬಾರದ ಅಳು ಅವಳಿಗೆ ಆ ಮಾತಿಗೆ ಬಂತು. ತಾಯಿ ಕಮಲಾಕ್ಷಮ್ಮ ಒಳಗಿನಿಂದ ಬಂದು ನೋಡಿದರು.

"ಏನವ್ವಾ, ಯಾರು ಏನಂದ್ರು?"

"ಯಾರೂ ಏನೂ ಅನ್ನಿಲ್ಲ ಕಣವ್ವ. ಊಟ ಮಾಡು ಅಂದ್ರು."

ಬೇಸಿಗೆಯ ಹೊತ್ತಿಗೆ ಲೇಖನಗಳ ಧಾಟಿ ಬದಲಾಯಿತು. ಈಗಲೇ ಹಣ ಹಾಕಿ, ತಡ ಮಾಡಬೇಡಿ, ಬಾಗಿಲು ಮುಚ್ಚುತ್ತದೆ ಎಂಬ ಮಾತೇ ಹೆಚ್ಚಾಯಿತು. ಜಪಾನೀಸ್ ಅನುವಾದಕಿ ಕಾರಣ ಹೇಳದೆ ಕೆಲಸ ಬಿಟ್ಟಳು. ಆಶಾರಾಣಿಗೆ ಅಳುಕು ಶುರುವಾಗಿತ್ತು. ಅದೇ ವಾರ ಚೊಯ್ ಬರೆದರು:

"ಸುಯೊನ್, ಕೈ ನಡುಗುತ್ತದೆ, ಇಸ್ತ್ರಿ ಹಿಡಿಯಲಾಗುವುದಿಲ್ಲ. ಅಂಗಡಿ ಮಾರುತ್ತಿದ್ದೇನೆ. ಒಂದು ಮಾತು ಕೇಳುತ್ತೇನೆ. ನಿಮ್ಮ ಅಪ್ಪ ಇದ್ದು, ಬಂದ ಹಣವನ್ನೆಲ್ಲ ಇದರಲ್ಲಿ ಹಾಕಲೇ ಎಂದು ಕೇಳಿದ್ದರೆ ಏನು ಹೇಳುತ್ತಿದ್ದಿರಿ?"

ಅವಳು ಯಾರನ್ನೂ ಕೇಳಲಿಲ್ಲ. "ಬೇಡ ಅನ್ನುತ್ತಿದ್ದೆ. ದಯವಿಟ್ಟು ಹಾಕಬೇಡಿ" ಎಂದು ಬರೆದು ಕಳಿಸಿದಳು.

ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಅವಳ ಖಾತೆ ಮುಚ್ಚಿತ್ತು. ಹಿಂದೆಯೇ ಅಭಿಷೇಕ್ ಫೋನು ಮಾಡಿದ.

"ಏನ್ ಬರ್ದ್‌ಬುಟ್ಟೆ ಆಶಾ? ಮೇಲ್ಗಡೆಯೋರು ನೋಡ್‌ಬುಟ್ರು. ನಂಗೂ ಏನೂ ಮಾಡಕ್ಕಾಗ್ತಿಲ್ಲ."

"ಅವ್ರು ವಯಸ್ಸಾದೋರು ಕಣೋ. ಇರೋದೆಲ್ಲ ಹಾಕ್‌ಬುಡ್ತಾರೆ."

"ನಿನ್ ಕೆಲ್ಸ ಭಾಷೆ ಬದ್ಲಾಯ್ಸೋದು. ಬುದ್ಧಿ ಹೇಳೋದಲ್ಲ." ಆಮೇಲೆ ದನಿ ತಗ್ಗಿಸಿ, "ನಂಗೂ ಹೆದ್ರಿಕೆ ಆಯ್ತೈತೆ" ಎಂದು ಫೋನಿಟ್ಟ.

ಅವಳು ತನ್ನ ಮೊಬೈಲಿನಿಂದ ಆ ಪುಟ ತೆರೆದಳು. ಅವಳ ಉತ್ತರ ಇರಲಿಲ್ಲ. ಅದೇ ಜಾಗದಲ್ಲಿ, ಅದೇ ಸುಯೊನ್ ಹೆಸರಿನಲ್ಲಿ, ಯಂತ್ರದಿಂದ ಅನುವಾದ ಮಾಡಿಸಿದ ನುಣ್ಣನೆಯ ಕೊರಿಯನ್ ವಾಕ್ಯವಿತ್ತು: "ಖಂಡಿತ ಹಾಕಿ ಎನ್ನುತ್ತಿದ್ದೆ. ನನ್ನ ಅಪ್ಪ ಇದನ್ನು ನೋಡಲು ಇಲ್ಲವಲ್ಲ ಎಂಬುದೇ ನನ್ನ ದುಃಖ." ಕೆಳಗೆ ಚೊಯ್ ಆಗಲೇ ಕೃತಜ್ಞತೆ ಹೇಳಿದ್ದರು.

ಬೇರೆ ಹೆಸರಿನಿಂದ ಬರೆದಳು, ಅದು ಪ್ರಕಟವಾಗಲಿಲ್ಲ. ಕೊನೆಗೆ ಹಣ್ಣಿನ ಫೋಟೊ ನೆನಪಾಯಿತು. ಹುಡುಕಿ ದೊಡ್ಡದು ಮಾಡಿ ನೋಡಿದರೆ ಬೋರ್ಡಿನ ಮೇಲೆ ಅಂಗಡಿಯ ಫೋನ್ ನಂಬರಿತ್ತು. ಮಾರನೆಯ ದಿನ ಮಧ್ಯಾಹ್ನ ತೋಟದ ಕಡೆ ಹೋಗಿ, ಅಪ್ಪ ಕೂರುತ್ತಿದ್ದ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು ಆ ನಂಬರಿಗೆ ಕರೆ ಮಾಡಿದಳು.

ಅವರೇ ಎತ್ತಿದರು. ಹಿಂದೆ ಬಟ್ಟೆ ಒಗೆಯುವ ಯಂತ್ರ ತಿರುಗುವ ಸದ್ದಿತ್ತು. ಅವರ ದನಿಯನ್ನು ಅವಳು ಮೊದಲ ಸಲ ಕೇಳಿದ್ದು.

"ಅಜ್ಜ, ಹಣ ಹಾಕಬೇಡಿ. ಆ ಉತ್ತರ ನಾನು ಬರೆದದ್ದಲ್ಲ. ನಾನು ಸುಯೊನ್."

ಬರೆಯುವಾಗ ಎಲ್ಲೂ ತಪ್ಪದ ಅವಳ ಕೊರಿಯನ್ ಬಾಯಿಗೆ ಬಂದಾಗ ಪರದೇಶದವಳದೇ ಆಗಿತ್ತು. ಗಾಬರಿಯಲ್ಲಿ ಪದಗಳು ಇನ್ನಷ್ಟು ಮುರಿದವು.

"ಎಲ್ಲಿಂದ ಮಾತಾಡುತ್ತಿದ್ದೀರಿ?"

"ಭಾರತದಿಂದ. ನನ್ನ ನಿಜವಾದ ಹೆಸರು ಆಶಾರಾಣಿ. ನೀವು ನನಗೆ ಕೂತು ಊಟ ಮಾಡಿ ಎಂದಿರಿ."

"ಅದನ್ನು ಎಲ್ಲರೂ ಓದಬಹುದು" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಿಮ್ಮಂಥವರು ಫೋನು ಮಾಡುತ್ತಾರೆ, ಎಚ್ಚರವಾಗಿರಿ ಎಂದು ಸುಯೊನ್ ಇವತ್ತು ಬೆಳಿಗ್ಗೆಯೇ ಬರೆದಿದ್ದಾಳೆ. ತಂದೆ ಸತ್ತ ದುಃಖದಲ್ಲಿರುವ ಹುಡುಗಿಯ ಹೆಸರನ್ನು ಹೀಗೆ ಬಳಸಬೇಡಿ, ತಾಯಿ."

ಫೋನಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಕೊರಿಯಕ್ಕೆ ವಾಪಸಾಗಿದ್ದ ಕಾರ್ಖಾನೆಯ ಹಳೆಯ ಮೇಲ್ವಿಚಾರಕನೊಬ್ಬನಿಗೆ ಬರೆದು, ಒಮ್ಮೆ ಆ ಅಂಗಡಿಗೆ ಫೋನು ಮಾಡಿ ಹೇಳಿ ಎಂದು ಬೇಡಿಕೊಂಡಳು. ಅವನು ಒಪ್ಪಿದ, ಆದರೆ ಮಾಡಿದ್ದು ಮುಂದಿನ ವಾರ. ಚೊಯ್ ಶಾಂತವಾಗಿ ಕೇಳಿಸಿಕೊಂಡು, ಎಲ್ಲ ಹಾಕಿ ಆಯಿತು ಎಂದರಂತೆ.

ಮಳೆ ಹಿಡಿಯುವ ಮೊದಲೇ ಕಂಪನಿಯ ವೆಬ್‌ಸೈಟ್ ಕಾಣೆಯಾಯಿತು. ಲೇಖನಗಳು, ಟಿಪ್ಪಣಿಗಳು, ಸುಯೊನ್, ಯಾವುದೂ ಉಳಿಯಲಿಲ್ಲ. ಅಭಿಷೇಕನ ಫೋನು ಸ್ವಿಚ್ ಆಫ್. ಆಶಾರಾಣಿ ಕೊರಿಯದ ಪೊಲೀಸರ ವೆಬ್‌ಸೈಟಿನಲ್ಲಿ ತನ್ನ ಹೆಸರು, ಊರು, ತಾನು ಮಾಡಿದ ಕೆಲಸ ಎಲ್ಲ ತಿಳಿಸಿ ದೂರು ಕೊಟ್ಟಳು. ಸ್ವೀಕರಿಸಿದ್ದೇವೆ ಎಂಬ ಒಂದು ಸಾಲು ಬಂತು.

ಅಂಗಡಿಯ ನಂಬರಿಗೆ ಕೊನೆಯ ಸಲ ಮಾಡಿದಾಗ ಒಬ್ಬ ಹೆಂಗಸು ಎತ್ತಿದಳು. ಈಗ ಅಂಗಡಿ ತನ್ನದು ಎಂದಳು. ಆ ಹಿರಿಯರು ಎಲ್ಲಿಗೆ ಹೋದರೋ ತನಗೆ ಗೊತ್ತಿಲ್ಲ, ಯಾರಾದರೂ ಕೇಳಿದರೆ ಹೇಳಿ ಎಂದು ವಿಳಾಸವನ್ನೂ ಬಿಟ್ಟಿಲ್ಲ ಎಂದಳು. ಆಮೇಲೆ ಕೇಳಿದಳು, "ನೀವು ಅವರಿಗೆ ಏನಾಗಬೇಕು?"

ಆಶಾರಾಣಿಗೆ ಅದಕ್ಕೆ ಹೇಳಬಹುದಾದ ಪದ ಎರಡೂ ಭಾಷೆಗಳಲ್ಲಿ ಸಿಗಲಿಲ್ಲ. ಪರಿಚಯದವಳು ಎಂದು ಹೇಳಿ ಫೋನಿಟ್ಟಳು.