ಪಾದ್ರಿ ಡಬ್ಬಿ, ಕುಡುಕ ಡಬ್ಬಿ

ಹೋದ ಚಳಿಗಾಲದಲ್ಲಿ ತೀರಿಕೊಳ್ಳುವವರೆಗೂ ನನ್ನ ಗಂಡ ಡಗಲ್‌ಗೆ ಒಂದು ಹುಚ್ಚಿತ್ತು. ಸಂಜೆ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಪುಟ್ಟ ಅಳತೆಯ ಯಂತ್ರ ಇಟ್ಟುಕೊಂಡು, ನಮ್ಮ ಸಣ್ಣ ರೈಫಲ್ಲಿನ ಗುಂಡುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಉರುಳಿಸುತ್ತಿದ್ದ. ಹಿತ್ತಾಳೆಯ ಕೊಳವೆಯಲ್ಲಿ ಸೀಸದ ತುದಿ ನೆಟ್ಟಗೆ ಕೂತಿದ್ದರೆ ಯಂತ್ರದ ಮುಳ್ಳು ಅಲುಗುತ್ತಿರಲಿಲ್ಲ. ಸೊಟ್ಟಗಿದ್ದರೆ ಓಲಾಡುತ್ತಿತ್ತು. ನೆಟ್ಟಗಿದ್ದವನು ಪಾದ್ರಿ, ಓಲಾಡಿದವನು ಕುಡುಕ. ಇಬ್ಬರಿಗೂ ಬೇರೆ ಬೇರೆ ತಂಬಾಕಿನ ಡಬ್ಬಿ.

“ಕಾಳು ಆರಿಸೋ ಮುದುಕಿ ಹಾಗೆ ಕೂತಿದ್ದೀಯಲ್ಲ ಮಾರಾಯ,” ಎಂದು ನಾನು ರೇಗಿಸುತ್ತಿದ್ದೆ.

“ನೋಡ್ತಿರು ಐಲ್ಸಾ. ಪಾದ್ರಿಗಳನ್ನ ಷೀಲ್ಡಿಗೇ ಅಂತ ಎತ್ತಿಡು. ಈ ಸಲ ನಮ್ದೇ.”

ಷೀಲ್ಡಿಗಾಗಿ ಗುರಿ ಹೊಡೆಯುವ ಪಂದ್ಯ ಈ ಭಾನುವಾರ. ಅವನಿಲ್ಲ, ಡಬ್ಬಿಗಳಿವೆ. ಪಾದ್ರಿಗಳನ್ನೇ ಹೊಡೆಯುತ್ತೇನೆ ಎಂದಾಗ ನಮ್ಮ ಕ್ಲಬ್ಬಿನ ಮರ್ಲೀನ್ ಒಪ್ಪಲಿಲ್ಲ. ಅವಳ ನಾಲಿಗೆ ನನ್ನದಕ್ಕಿಂತ ಹರಿತ.

“ಅವನು ನಿನ್ನ ಗಂಡ, ಸರಿ. ಗುಂಡಿಗೇನು ಗೊತ್ತು ಅದು? ಮೊದ್ಲು ಪರೀಕ್ಷೆ ಮಾಡು, ಆಮೇಲೆ ಬೇಕಾದ್ರೆ ಅಳು.”

ನನಗೆ ಮನಸ್ಸಿರಲಿಲ್ಲ. ಹೊಡೆದಷ್ಟೂ ಡಬ್ಬಿ ಬರಿದಾಗುತ್ತದೆ, ಅವನು ಮುಟ್ಟಿದ್ದು ಮುಗಿದುಹೋಗುತ್ತದೆ. ಆದರೂ ಆ ಸಂಜೆಗಳೆಲ್ಲ ದಂಡವಾಗಿರಲಿಲ್ಲ ಎಂದು ಯಾರಾದರೂ ಹೇಳಲಿ ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಎರಡೂ ಡಬ್ಬಿಗಳ ಜೊತೆಗೆ, ಅದೇ ತಯಾರಿಕೆಯ ಗುಂಡುಗಳ ಒಡೆಯದ ಪೆಟ್ಟಿಗೆಯೊಂದನ್ನೂ ತೆಗೆದುಕೊಂಡು ಕ್ಲಬ್ಬಿನ ಗುರಿ ಮೈದಾನಕ್ಕೆ ಹೊರಟೆ.

ಗೋಧಿ ಕೊಯ್ದ ಹೊಲಗಳ ಮೇಲೆ ಗಾಳಿಯೇ ಇರಲಿಲ್ಲ. ಗಾಳಿ ತೋರಿಸುವ ಬಾವುಟಗಳು ಜೋತುಬಿದ್ದಿದ್ದವು. ಮರ್ಲೀನ್ ನನ್ನ ಬೆನ್ನ ಹಿಂದೆ ಕೂತು, ಯಾವುದರಲ್ಲಿಂದ ತೆಗೆದದ್ದೆಂದು ಹೇಳದೆ ಗುಂಡು ಕೊಡುತ್ತಾ ಹೋದಳು. ನಾನು ಹೊಡೆಯುತ್ತಾ ಹೋದೆ. ಒಂದೊಂದು ಬಗೆಗೆ ಒಂದರಂತೆ ಮೂರು ಗುರಿ ಕಾರ್ಡುಗಳಾದವು.

ಒಂದು ಕಾರ್ಡಿನಲ್ಲಿ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೊಕ್ಕಿದ್ದವು.

“ಪಾದ್ರಿಗಳು ತಾನೇ?” ಎಂದೆ.

ಮರ್ಲೀನ್ ಮೊದಲ ಸಲ ಮೆತ್ತಗೆ ಮಾತಾಡಿದಳು. “ಅಲ್ಲ ಕಣೇ. ಅದು ಹೊಸ ಪೆಟ್ಟಿಗೇದು.”

ಉಳಿದೆರಡು ಕಾರ್ಡುಗಳೂ ಚದುರಿಹೋಗಿದ್ದವು. ಪಾದ್ರಿಗೂ ಕುಡುಕನಿಗೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

ಮರ್ಲೀನ್ ಕನ್ನಡಕ ಏರಿಸಿ ಡಬ್ಬಿಯ ಗುಂಡೊಂದನ್ನು ಬೆಳಕಿಗೆ ಹಿಡಿದಳು. “ಇಲ್ನೋಡು. ಸೀಸದ ಮೇಲೆ ಮೇಣ ಇರುತ್ತಲ್ಲ, ಅದು ಸವೆದುಹೋಗಿದೆ. ಒಂದು ಸಲ ಉರುಳಿಸಿ ಬಿಟ್ನಾ ಅವನು? ಪುಣ್ಯಾತ್ಮ ತಿರುಗಿಸಿ ತಿರುಗಿಸಿ ನೋಡಿದಾನೆ. ಮೇಣ ಹೋದ್ರೆ ಎಂಥಾ ಪಾದ್ರಿನೂ ದಾರಿ ತಪ್ತಾನೆ.”

ನಾನು ಗುಂಡನ್ನು ಕಸಿದುಕೊಂಡೆ. ಮಂಕು ಮೇಣದ ನಡುವೆ ಸುತ್ತಲೂ ಒಂದು ಹೊಳೆಯುವ ಪಟ್ಟಿ. ಅವನ ಹೆಬ್ಬೆರಳು ಉಜ್ಜಿದ ಜಾಗ. ಅದರ ಮೇಲೆ ನನ್ನ ಹೆಬ್ಬೆರಳಿಟ್ಟೆ. ಹಾಳಾದವನು ಎಷ್ಟು ಆಸೆಯಿಂದ ಉರುಳಿಸಿದ್ದನೋ, ಅಷ್ಟೇ ಚೆನ್ನಾಗಿ ಕೆಡಿಸಿಟ್ಟಿದ್ದ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವನು ಬೇಕಾಗಿತ್ತು ನನಗೆ, ಆ ಕ್ಷಣವೇ, ಎದುರಿಗೆ ನಿಲ್ಲಿಸಿ ಬೈಯಲಿಕ್ಕೆ.

“ಭಾನುವಾರ ಹೊಸ ಪೆಟ್ಟಿಗೇದೇ ಹೊಡಿ,” ಎಂದಳು ಮರ್ಲೀನ್.

“ಹೊಡೀತೀನಿ.”

ನಮ್ಮಲ್ಲಿ ಒಳ್ಳೆಯ ಕಾರ್ಡು ಷೆಡ್ಡಿನ ಗೋಡೆಗೆ, ಕೆಟ್ಟದ್ದು ಕಸ ಸುಡುವ ಪೀಪಾಯಿಗೆ. ಮರ್ಲೀನ್ ಒಂದು ತೂತಿನ ಕಾರ್ಡನ್ನು ಗೋಡೆಗೆ ಚುಚ್ಚಿ, ಉಳಿದೆರಡನ್ನು ಪೀಪಾಯಿಗೆ ಎಸೆದಳು. ಅದಕ್ಕಿನ್ನೂ ಬೆಂಕಿ ಹಚ್ಚಿರಲಿಲ್ಲ. ನಾನು ಅದರೊಳಕ್ಕೆ ತೋಳು ಇಳಿಬಿಟ್ಟು ಪಾದ್ರಿಗಳ ಕಾರ್ಡನ್ನು ಹೊರಗೆ ತೆಗೆದೆ.

“ಅಯ್ಯೋ, ಅದು ಕೆಟ್ಟ ಕಾರ್ಡು ಕಣೇ!”

“ಗೊತ್ತು,” ಎಂದೆ. “ಅದು ಡಗಲ್ ಹೊಡೆದದ್ದು.”

ಬೂದಿ ಒರೆಸಿ ಅದನ್ನು ಕೋಟಿನೊಳಗೆ ಇಟ್ಟುಕೊಂಡೆ.