ರೇಣುಕಾಳ ಪಾಳಿ

ಪಕ್ಕದ ಮನೆಯ ಜಂಬಕ್ಕ ಹಿತ್ತಲಿನ ಒಲೆಗೆ ಹತ್ತಿಕಟ್ಟಿಗೆ ಮುರಿದು ತುರುಕುತ್ತಿದ್ದಳು. ಹಂಡೆಯ ನೀರು ಒಮ್ಮೆ ಕುದಿದು, ಆರಿ, ಈಗ ಮತ್ತೆ ಕಾಯುತ್ತಿತ್ತು. ಒಳಗೆ ಗೋಡೆಗೆ ಆನಿಸಿ ಕೂರಿಸಿದ್ದ ದಾಕ್ಷಾಯಣಮ್ಮನಿಗೆ ಇನ್ನೂ ಸ್ನಾನವಾಗಿರಲಿಲ್ಲ.

“ಇನ್ನ ಎಷ್ಟೊತ್ತಪ್ಪಾ ಅರುಣಕುಮಾರ? ಹೊತ್ತು ಇಳಿಯಾಕ ಹತ್ತೈತಿ.”

“ಹಡಗಲಿಯಿಂದ ನಮ್ಮ ಮನಿ ಹೆಣ್ಮಕ್ಳು ಬರ್ಬೇಕು ಜಂಬಕ್ಕ. ಮೈ ತೊಳ್ಯಾಕ ನಮ್ಮೋರೇ ಬೇಕಲ್ಲ,” ಎಂದ ಸತ್ತವಳ ಅಣ್ಣನ ಮಗ. ಅತ್ತೆ ಬದುಕಿದ್ದಾಗ ಅವನು ಕೊಟ್ಟೂರಿನ ಈ ಕೋಣೆಗೆ ಕಾಲಿಟ್ಟದ್ದನ್ನು ಓಣಿಯವರು ಯಾರೂ ಕಂಡಿರಲಿಲ್ಲ. ಸತ್ತ ಮೇಲೆ ನೆಂಟಸ್ತನಕ್ಕೆ ಎಲ್ಲಿಲ್ಲದ ಬಲ ಬಂದಿತ್ತು.

ಹೊರಗೆ ಬೇವಿನ ಮರದ ಕೆಳಗೆ ರೇಣುಕಾ ನಿಂತಿದ್ದಳು. ಚಿಗಟೇರಿಯ ಕುರಿಗಾರರ ಮನೆಯವಳು. ಸುದ್ದಿ ಕೇಳಿ ಸಿಕ್ಕ ಬಸ್ಸು ಹಿಡಿದು ಬಂದಿದ್ದಳು. “ನಾ ತೊಳೀತೀನ್ರಿ,” ಎಂದು ಬಂದ ಕೂಡಲೇ ಕೇಳಿದ್ದಳು. ಅರುಣಕುಮಾರ, “ನೀವು ಯಾವ ಮಂದಿ?” ಎಂದಿದ್ದ. ಅವಳು ಹೇಳಿದಳು. ಅವನು ಬೇರೆ ಕಡೆ ನೋಡಿದ. ಆಗಿನಿಂದ ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ.

*

ತೊಂಬತ್ತೇಳರಲ್ಲಿ ಊರಿನ ಟ್ರಸ್ಟ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ತರಬೇತಿ ನಡೆಯುತ್ತಿತ್ತು. ಕಲಿಸುವವಳು ದಾಕ್ಷಾಯಣಮ್ಮ. ಕೂಸಿನ ಬದಲಿಗೆ ಕೈಗೆ ಕೊಡುತ್ತಿದ್ದುದು ಒಂದು ಕಿವಿ ಹರಿದ ರಬ್ಬರ್ ಗೊಂಬೆ.

“ನೀರಿಗೆ ಅಂಗೈ ಇಟ್ಟು ನೋಡ್ಬ್ಯಾಡ. ಕೆಲಸ ಮಾಡಿದ ಕೈಗೆ ಬಿಸಿ ತಿಳಿಯಂಗಿಲ್ಲ. ಮೊಣಕೈ ಇಡು. ಎಡಗೈ ಕುತ್ತಿಗಿ ಹಿಂದ ಇರ್ಲಿ.”

“ಗೊಂಬಿಗೆ ಬಿಸಿಯಾದ್ರೇನು ಮೇಡಂ?” ಎಂದು ರೇಣುಕಾ ನಕ್ಕಳು.

“ಗೊಂಬಿ ಅಂದ್ಕಂಡು ತೊಳದ್ರ, ನಾಳಿ ಕೂಸನ್ನೂ ಹಂಗ ತೊಳೀತಿ.”

ವಾರ್ಡಿನಲ್ಲಿ ನಿಜವಾದ ಹಸುಗೂಸಿಗೆ ನೀರೆರೆಯುವ ಪಾಳಿ ಸೋಮವಾರ ರೇಣುಕಾಳದಿತ್ತು. ಶನಿವಾರ ದೊಡ್ಡ ಡಾಕ್ಟರು ಬಂದು, ಹೊರದೇಶದ ಹಣ ನಿಂತಿದೆ, ತರಬೇತಿ ಇಲ್ಲಿಗೆ ಮುಗಿಯಿತು ಎಂದರು. ದಾಕ್ಷಾಯಣಮ್ಮ ಜಗಳಕ್ಕೆ ನಿಲ್ಲಲಿಲ್ಲ. ಸೋಮವಾರದವರೆಗಾದರೂ ಬಿಡಿ ಎಂದಷ್ಟೇ ಕೇಳಿದಳು. ಕಲಿಯುವವರ ಹಾಸ್ಟೆಲಿಗೆ ಅಂದೇ ಬೀಗ ಬಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ರೇಣುಕಾಳ ಟ್ರಂಕು ಎತ್ತಿಕೊಡುತ್ತಾ, “ನಿನ್ನ ಪಾಳಿ ಉಳಿದೈತಿ,” ಎಂದಳು ದಾಕ್ಷಾಯಣಮ್ಮ. “ಮತ್ತ ಶುರುವಾದ್ರ ನಿನ್ನಿಂದಾನ ಶುರು.”

ಶುರುವಾಗಲಿಲ್ಲ. ತರಬೇತಿಯ ಕೋಣೆಯಲ್ಲಿ ಮುರಿದ ಮಂಚಗಳನ್ನು ತುಂಬಿದರು. ದಾಕ್ಷಾಯಣಮ್ಮನನ್ನು ಒಗೆದ ಬಟ್ಟೆ ಮಡಚುವ ಕೆಲಸಕ್ಕೆ ಹಾಕಿದರು. ಅರ್ಧ ಕಲಿತ ರೇಣುಕಾಳನ್ನು ಊರಲ್ಲಿ ಯಾರೂ ಹೆರಿಗೆಗೆ ಕರೆಯಲಿಲ್ಲ. ಕೊಟ್ಟೂರಿಗೆ ಸಂತೆಗೆ ಬಂದಾಗ ಅವಳು ಈ ಕೋಣೆಗೆ ಬರುತ್ತಿದ್ದಳು. ದಾಕ್ಷಾಯಣಮ್ಮ ಚಹಾ ಕೊಟ್ಟು, ಆಸ್ಪತ್ರೆಯಿಂದ ತಂದಿಟ್ಟುಕೊಂಡಿದ್ದ ಗೊಂಬೆಯನ್ನು ಗೂಡಿನಿಂದ ಇಳಿಸಿ, “ಮರ್ತಿಲ್ಲ ಹೌದಲ್ಲ?” ಎನ್ನುತ್ತಿದ್ದಳು. ಇಬ್ಬರು ದೊಡ್ಡ ಹೆಂಗಸರು ಬಾಗಿಲು ಮುಚ್ಚಿಕೊಂಡು ಗೊಂಬೆಗೆ ನೀರೆರೆಯುತ್ತಿದ್ದರು. ಅಂಥ ಒಂಟಿತನ ಶತ್ರುವಿಗೂ ಬೇಡ.

*

ಅರುಣಕುಮಾರ ಎಸ್‌ಟಿಡಿ ಬೂತಿನಿಂದ ತಲೆ ತಗ್ಗಿಸಿಕೊಂಡು ಬಂದ.

“ಬರಂಗಿಲ್ಲಂತ. ಯಾರಿಗೋ ಜ್ವರ ಅಂತ.”

ಜಂಬಕ್ಕ ಊದುಗೊಳವಿ ಕೆಳಗಿಟ್ಟಳು. “ನಿಮ್ಮತ್ತಿ ಈ ಊರಾಗ ಎಷ್ಟೋ ಮಂದಿ ಕೂಸು ತೊಳದ್ಲು. ಯಾವ ಮಂದಿ ಅಂತ ಒಂದಿನ ಕೇಳಲಿಲ್ಲಪ್ಪ.”

ಅವನು ತಲೆ ಎತ್ತಿ ಇಳಿಯುತ್ತಿದ್ದ ಬಿಸಿಲು ನೋಡಿದ. ಆಮೇಲೆ, “ಆಕಿನ್ನ ಒಳಗ ಕರೀರಿ,” ಎಂದು ಎದ್ದು ಹೊರಗೆ ಹೋದ.

ರೇಣುಕಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಜಂಬಕ್ಕ ಬಕೀಟಿಗೆ ನೀರು ತೋಡಿ ಒಳಗೆ ತಂದಿಟ್ಟಳು. ರೇಣುಕಾ ಬಗ್ಗಿ ಮೊಣಕೈ ಅದ್ದಿದಳು.

“ಬಿಸಿ ಐತಿ. ಒಂದು ತಂಬಗಿ ತಣ್ಣೀರು ಹಾಕ್ರಿ.”

“ಸತ್ತೋರಿಗೆ ಏನವ್ವ...” ಎನ್ನಹೊರಟ ಜಂಬಕ್ಕ ಅವಳ ಮುಖ ನೋಡಿ ತಂಬಿಗೆ ಎತ್ತಿಕೊಂಡಳು. ತಣ್ಣೀರು ತಂದು ಸುರಿದಳು.

ರೇಣುಕಾ ಮತ್ತೊಮ್ಮೆ ಮೊಣಕೈ ಇಟ್ಟು ನೋಡಿದಳು. ಆಮೇಲೆ, ಪಕ್ಕಕ್ಕೆ ವಾಲುತ್ತಿದ್ದ ದಾಕ್ಷಾಯಣಮ್ಮನ ಕುತ್ತಿಗೆಯ ಹಿಂದೆ ಎಡಗೈ ಕೊಟ್ಟು, ಹೆಗಲ ಮೇಲೆ ನೀರನ್ನು ಮೆಲ್ಲಗೆ ಬಿಟ್ಟಳು.